ಚೀಲ ಇಳಿಸೋದಾದ್ರೆ ತದಡೀಲಿ ಇಳಿಸಿ

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಅದೇ ಹಳೇ ನೆಪ :) ಈಗ ಬರೆಯೋಕೆ ಕಾರಣ ಇದೆ. ಡಿಸೆಂಬರ್ ಹತ್ತಿರ ಬಂತು ಅಂದ್ರೆ ಸಾಕು, ಟೀಮಿನಲ್ಲಿ ಯಾರಾದ್ರೂ ಒಬ್ಬರು ನನ್ನ ಸೀಟಿನ ಹತ್ರ ಬಂದು ಕೇಳ್ತಾರೆ: "ಅಪ್ಪ ಅಮ್ಮನ್ನ ಕರ್ಕೊಂಡು ಉತ್ತರ ಕನ್ನಡದ ಕಡೆ ಹೋಗ್ಬೇಕು. ಸಮುದ್ರಾನೂ ಆಗ್ಬೇಕು, ಕೋಟೇನೂ ಆಗ್ಬೇಕು. ಎಲ್ಲಿ ಉಳ್ಕೊಳ್ಳೋದು?" ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಇಲ್ಲಿ ಬರೆದು ಲಿಂಕು ಕೊಟ್ಟುಬಿಡೋಣ ಅಂತ.

ನನ್ನ ಉತ್ತರ ತದಡಿ. "ಅದೆಲ್ಲಿದೆ?" ಅಂತ ಕೇಳೋರೇ ಹೆಚ್ಚು. ಹೇಳ್ತೀನಿ. ಅದಕ್ಕೆ ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದೆ ನಾವು ಆರು ಜನ ಹೊರಟಿದ್ವಿ. ಅಪ್ಪ, ಅಮ್ಮ, ಅಕ್ಕ, ಭಾವ, ಅಕ್ಕನ ಆರು ವರ್ಷದ ಮಗ, ನಾನು. ಪ್ಲಾನು ನನ್ನದು. ಇಂಜಿನಿಯರ್ ಅಲ್ವೇ, ಎಕ್ಸೆಲ್ ಶೀಟು ಮಾಡಿದ್ದೆ. ಸ್ಥಳ, ತಲುಪುವ ಸಮಯ, ನೋಡುವ ಸಮಯ, ಮುಂದಿನ ಸ್ಥಳಕ್ಕೆ ದೂರ. ಮೂರು ರಾತ್ರಿ, ಮೂರು ಊರು: ಮುರ್ಡೇಶ್ವರ, ಗೋಕರ್ಣ, ಕಾರವಾರ. ಒಟ್ಟು ಹನ್ನೊಂದು ಜಾಗ. ಮಿರ್ಜಾನ್ ಕೋಟೆಗೆ ನಾನು ಕೊಟ್ಟಿದ್ದು ಇಪ್ಪತ್ತೈದು ನಿಮಿಷ!

ಅಪ್ಪ ಲೈನ್‌ಮನ್ ಆಗಿ ಮೂವತ್ತೆರಡು ವರ್ಷ ಕಂಬ ಹತ್ತಿದವರು. ಮಂಡಿ ಎರಡೂ ಹೋಗಿವೆ. ಮೊದಲ ದಿನ ಎರಡು ಜಾಗದಲ್ಲಿ ಇಳಿದರು. ಆಮೇಲೆ ಪ್ರತಿ ಸಲ ಅದೇ ಮಾತು, "ನೀವು ಹೋಗ್ಬನ್ನಿ, ನಾನು ಕಾರಲ್ಲೇ ಕೂತಿರ್ತೀನಿ." ಹನ್ನೊಂದರಲ್ಲಿ ಏಳು ಜಾಗ ಅವರು ಕಾರಿನ ಗಾಜಿನಿಂದ ನೋಡಿದ್ದು. ವಾಪಸ್ ಬಂದ ಮೇಲೆ ಪಕ್ಕದ ಮನೆಯವರು "ಹೆಂಗಿತ್ತು ಸಾರ್ ಟೂರು?" ಅಂದ್ರು. ಅಪ್ಪ ನಗುತ್ತಾ ಹೇಳಿದ್ದು, "ಎಲ್ಲಾ ಕಡೆ ಪಾರ್ಕಿಂಗ್ ಚೆನ್ನಾಗಿದೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಆಗ ಹೊಳೆದಿದ್ದು ಇಷ್ಟು. ನಾವು ಕಾಲೇಜಲ್ಲಿ ಓದಿದ ಟ್ರಾವೆಲಿಂಗ್ ಸೇಲ್ಸ್‌ಮನ್ ಲೆಕ್ಕವನ್ನ ಮನೆಯವರ ಮೇಲೆ ಪ್ರಯೋಗ ಮಾಡ್ತೀವಿ. ಎಲ್ಲಾ ಊರನ್ನೂ ಮುಟ್ಟಬೇಕು, ಕಿಲೋಮೀಟರ್ ಕಮ್ಮಿ ಆಗಬೇಕು. ಆದರೆ ವಯಸ್ಸಾದವರ ಜೊತೆ, ಮಕ್ಕಳ ಜೊತೆ ಹೋಗುವಾಗ ಖರ್ಚಾಗೋದು ಕಿಲೋಮೀಟರ್ ಅಲ್ಲ. ಇಳಿಯೋದು, ಹತ್ತೋದು, ಚಪ್ಪಲಿ ಬಿಡೋದು, ಹಾಕೋದು, ದಿನಾ ಬೆಳಿಗ್ಗೆ ಚೀಲ ಕಟ್ಟೋದು. ಹಾಗಾಗಿ ಪ್ರಶ್ನೆ "ಏನೇನು ನೋಡೋದು" ಅನ್ನೋದಲ್ಲ, "ಎಲ್ಲಿ ಸುಮ್ಮನೆ ಕೂತರೂ ಊರು ಕಾಣುತ್ತೆ" ಅನ್ನೋದು. ಯಾರೂ ಕಾರಲ್ಲಿ ಉಳಿಯಬಾರದು, ಅದೇ ಷರತ್ತು.

ಈ ಲೆಕ್ಕದಲ್ಲಿ ಒಂದೊಂದೇ ಊರು ನೋಡೋಣ.

ಮುರ್ಡೇಶ್ವರ: 123 ಅಡಿಯ ಶಿವ, ಇಪ್ಪತ್ತು ಅಂತಸ್ತಿನ ರಾಜಗೋಪುರ, ಮೇಲೆ ಹೋಗೋಕೆ ಲಿಫ್ಟು. ಮಂಡಿ ನೋವಿನವರಿಗೆ ವರ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ, ಜಟ್ಟಪ್ಪ ನಾಯಕನ ಬಸದಿ ಹತ್ತಿರ. ಆದರೆ ಕೋಟೆ ದೂರ, ರಜಾ ದಿನದ ಜನಜಂಗುಳಿ ಬೇರೆ. ಒಂದು ಮಧ್ಯಾಹ್ನಕ್ಕೆ ಸರಿ, ಬಿಡಾರಕ್ಕಲ್ಲ.

ಹೊನ್ನಾವರ: ಶರಾವತಿ ಸಮುದ್ರ ಸೇರುವ ಊರು. 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಕಾಸರಕೋಡು ಬೀಚು ಇದೆ, ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಇಲ್ಲಿಂದಲೇ ದಾರಿ. ಕೋಟೆ ಅಂದ್ರೆ ಬಸವರಾಜ ದುರ್ಗ, ಅದು ಸಮುದ್ರದ ನಡುವಿನ ದ್ವೀಪ. ದೋಣಿಯಿಂದ ಬಂಡೆಗೆ ಇಳಿದು ಹತ್ತೋ ಕೆಲಸ ನಮ್ಮಪ್ಪನಂಥವರಿಗೆ ಆಗದು.

ಕಾರವಾರ: ಕಾಳಿ ನದಿಯ ದಂಡೆಯಲ್ಲಿ ಸದಾಶಿವಗಡ. ನೋಟ ಚಂದ, ಆದರೆ ಮಿಕ್ಕಿದ್ದೆಲ್ಲಾ ದೂರ.

ಗೋಕರ್ಣ: ದೇವಸ್ಥಾನ, ರಥಬೀದಿ ಎಲ್ಲಾ ಸರಿ. ಆದರೆ ಹೆಸರಾದ ಬೀಚುಗಳಿಗೆ ಇಳಿಜಾರು, ಮೆಟ್ಟಿಲು ಇಳಿದೇ ಹೋಗಬೇಕು. ಹಾಫ್ ಮೂನ್, ಪ್ಯಾರಡೈಸ್ ಕಡೆಯಂತೂ ಗುಡ್ಡ ಹತ್ತಿ ನಡೆಯಬೇಕು. ಶನಿವಾರ ಬೆಂಗಳೂರೇ ಅಲ್ಲಿರುತ್ತೆ.

ಕುಮಟಾ: ನ್ಯಾಯವಾಗಿ ನೋಡಿದರೆ ಇದೇ ಗೆಲ್ಲಬೇಕು. ರೈಲು, ಆಸ್ಪತ್ರೆ, ಖಾನಾವಳಿ ಎಲ್ಲಾ ಇದೆ, ಮಿರ್ಜಾನ್ ಹನ್ನೆರಡು ಕಿಲೋಮೀಟರ್ ಒಳಗೆ. ಆದರೆ ಹೆದ್ದಾರಿ ಪೇಟೆ. ಕಿಟಕಿ ತೆಗೆದರೆ ಲಾರಿ.

ಇನ್ನು ತದಡಿ. ಅಘನಾಶಿನಿ ಸಮುದ್ರ ಸೇರುವ ಜಾಗದಲ್ಲಿ ಉತ್ತರ ದಂಡೆಯ ಊರು, ಮೀನುಗಾರಿಕಾ ಬಂದರು. ಎದುರು ದಂಡೆಯಲ್ಲಿ ಅಘನಾಶಿನಿ ಅಂತಲೇ ಹೆಸರಿರುವ ಹಳ್ಳಿ. ನಡುವೆ ಸೇತುವೆ ಇಲ್ಲ, ತಾರಿ ದೋಣಿ. ರಸ್ತೆಯಲ್ಲಿ ಸುತ್ತಿ ಬಂದರೆ ಮೂವತ್ತು-ನಲವತ್ತು ಕಿಲೋಮೀಟರ್, ದೋಣಿಯಲ್ಲಿ ಹತ್ತು-ಹದಿನೈದು ನಿಮಿಷ. ಜನ ಬೈಕನ್ನೂ ದೋಣಿಗೆ ಏರಿಸಿಕೊಂಡು ಹೋಗ್ತಾರೆ. ಗೋಕರ್ಣ ಹತ್ತು ಕಿಲೋಮೀಟರ್ ಆಸುಪಾಸು, ಸಾಣಿಕಟ್ಟಾದ ಉಪ್ಪಿನ ಆಗರಗಳು ಪಕ್ಕದಲ್ಲೇ.

ಕಳೆದ ಜನವರಿಯಲ್ಲಿ ಅದೇ ಆರು ಜನ ಇಲ್ಲಿ ಮೂರು ರಾತ್ರಿ ಇದ್ವಿ. ಹೊಳೆ ಕಾಣೋ ಒಂದು ಮನೆ, ಎರಡು ಕೋಣೆ, ಉದ್ದ ಜಗಲಿ. ಎಕ್ಸೆಲ್ ಶೀಟು ಇರಲಿಲ್ಲ :)

ಕೋಟೆಯ ವಿಷಯಕ್ಕೆ ಬರ್ತೀನಿ, ನನ್ನ ವಾದದ ಮುಖ್ಯ ಭಾಗ ಇದೇ. ಮಿರ್ಜಾನ್ ಕೋಟೆಯನ್ನ ಹೆದ್ದಾರಿಯಿಂದ ಬಂದು ನೋಡಿದರೆ ಅದು ಹುಲ್ಲು ಬೆಳೆದ ಚಂದದ ಕೆಂಪು ಕಲ್ಲಿನ ಗೋಡೆ, ಫೋಟೋಗೆ ಒಳ್ಳೇದು, ಅಷ್ಟೆ. ಮೊದಲ ಸಲ ನನಗೂ ಹಾಗೇ ಕಂಡಿತ್ತು. ಸಮುದ್ರದಿಂದ ಇಷ್ಟು ಒಳಗೆ ಯಾಕೆ ಕಟ್ಟಿದರು ಅನ್ನೋ ಪ್ರಶ್ನೇನೇ ಬಂದಿರಲಿಲ್ಲ. ಎರಡು ದಿನ ತದಡಿಯ ಕಟ್ಟೆ ಮೇಲೆ ಕೂತು, ಭರತ ಬಂದಾಗ ಸಮುದ್ರದ ನೀರು ಹೊಳೆಯೊಳಗೆ ನುಗ್ಗೋದು, ಇಳಿತದಲ್ಲಿ ವಾಪಸ್ ಹರಿಯೋದು ನೋಡಿದ ಮೇಲೆ ಅರ್ಥ ಆಯ್ತು. ಇಲ್ಲಿ ಹೊಳೆಯೇ ಹೆದ್ದಾರಿ. ಘಟ್ಟದ ಕಾಳುಮೆಣಸು ಕೆಳಗಿಳಿದು ಮಿರ್ಜಾನಿಗೆ ಬಂದು, ಈ ಹೊಳೆಬಾಯಿ ದಾಟಿ ಸಮುದ್ರಕ್ಕೆ ಹೋಗ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದಿದ್ದು ಸುಮ್ಮನೆ ಅಲ್ಲ. 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದಾಕೆ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತು ಇಕ್ಕೇರಿಯಲ್ಲಿ ಸೆರೆಯಲ್ಲಿ ತೀರಿಕೊಂಡಳು. ಈ ಕೋಟೆಯನ್ನ ಜನ ಗುರುತಿಸೋದು ಅವಳ ಹೆಸರಿನಿಂದಲೇ. 2000-01ರಲ್ಲಿ ಇಲ್ಲಿ ಉತ್ಖನನ ಆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕವು. ಚೀನಾದ ಬಟ್ಟಲು ಕುಮಟಾ ತಾಲೂಕಿಗೆ ಬಂದಿದ್ದು ಹೇಗೆ? ಸಮುದ್ರದ ವ್ಯಾಪಾರ, ಆಮೇಲೆ ಈ ಹೊಳೆಬಾಯಿ. ಹೊಳೆಬಾಯಿ ನೋಡದೆ ಕೋಟೆ ನೋಡಿದರೆ ಅರ್ಧ ನೋಡಿದ ಹಾಗೆ.

ಈ ಸಲ ಮಿರ್ಜಾನಿಗೆ ಒಂದು ಇಡೀ ಬೆಳಗು ಕೊಟ್ವಿ. ಅಪ್ಪ ನನ್ನ ಭುಜ ಹಿಡಿದು ಮೆಟ್ಟಿಲು ಹತ್ತಿದರು. ಹತ್ತು ನಿಮಿಷ ಬೇಕಾಯ್ತು, ಬೇಕಾಗಲಿ. ಒಳಗೆ ಹುಲ್ಲು, ಬಾವಿಗಳು. ಅಕ್ಕನ ಮಗ ಸುರಂಗದ ಬಾಯಿಗಳನ್ನ ಎಣಿಸ್ತಾ ಓಡಾಡಿದ. ಅಪ್ಪ ಬುರುಜಿನ ಹತ್ತಿರ ಕೂತು "ಹೊಳೆ ಯಾವ ಕಡೆ?" ಅಂದ್ರು. ತೋರಿಸಿದೆ. "ಹಂಗಾದ್ರೆ ನಮ್ಮ ಮನೆ ಆ ಕಡೆ," ಅಂದ್ರು. ಎರಡೇ ದಿನಕ್ಕೆ ತದಡಿ "ನಮ್ಮ ಮನೆ" ಆಗಿತ್ತು. ನನ್ನ ವಾದಕ್ಕೆ ಇದಕ್ಕಿಂತ ಪುರಾವೆ ಬೇಡ.

ಇನ್ನೊಂದು ಸಂಗತಿ. ಇಳಿತದ ಹೊತ್ತಲ್ಲಿ ಹೆಂಗಸರು ಗಂಡಸರು ಹೊಳೆಗಿಳಿದು, ಸೊಂಟದವರೆಗಿನ ನೀರಲ್ಲಿ ಕಾಲಿಂದಲೇ ತಡಕಿ ಚಿಪ್ಪು ಆರಿಸ್ತಾರೆ. ಅಪ್ಪ ಜಗಲಿಯಿಂದ ಅದನ್ನೇ ಗಂಟೆಗಟ್ಟಲೆ ನೋಡ್ತಿದ್ರು. ಒಂದು ಸಂಜೆ ತಾವಾಗೇ ಶುರು ಮಾಡಿದ್ರು. 2000ರ ದಶಕದ ಮಧ್ಯದಲ್ಲಿ ಇದೇ ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡಬೇಕು ಅಂತ ಹೊರಟಿದ್ದರು. ಜನ ವಿರೋಧ ಮಾಡಿದರು, ಆಗಲಿಲ್ಲ. ಆ ಕಾಲದಲ್ಲಿ ಲೋಡ್ ಶೆಡ್ಡಿಂಗಿನ ಬೈಗುಳ ಎಲ್ಲಾ ತಿಂದಿದ್ದು ಅಪ್ಪನಂಥವರೇ. "ಯಾರೋ ನಾಲ್ಕು ಜನ ಬೇಡ ಅಂದ್ರೆ ಊರಿಗೆಲ್ಲಾ ಕತ್ತಲೆ ಅಂತ ನಾನೂ ಆಗ ಬೈದಿದ್ದೆ ಕಣೋ," ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನಾಲ್ಕು ಜನ ಅಲ್ಲ ಇವರು."

ನಾನೇನೂ ಹೇಳಲಿಲ್ಲ. ಕರೆಂಟು ಬೇಡ ಅನ್ನೋಕೆ ನನಗೆ ಬಾಯಿ ಎಲ್ಲಿದೆ, ನನ್ನ ಸಂಬಳವೇ ಕರೆಂಟಿನ ಮೇಲೆ ನಿಂತಿದೆ. ಆದರೆ ಅಘನಾಶಿನಿಗೆ ಇವತ್ತಿಗೂ ಅಣೆಕಟ್ಟಿಲ್ಲ. ಗಜನಿಗಳಲ್ಲಿ ಉಪ್ಪುನೀರು ತಡೆದುಕೊಳ್ಳೋ ಕಗ್ಗ ಭತ್ತ ಬೆಳೀತಾರೆ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಇದನ್ನೆಲ್ಲಾ ಯಾವ ಪೇಪರಲ್ಲಿ ಓದಿದ್ದರೂ ಅಪ್ಪ ಒಪ್ಪುತ್ತಿರಲಿಲ್ಲ. ಮೂರು ದಿನ ಒಂದೇ ಕಡೆ ಕೂತಿದ್ದಕ್ಕೆ ಒಪ್ಪಿದರು. ಬೇಗ ಬೇಗ ಊರು ಬದಲಿಸೋ ಪ್ರವಾಸದಲ್ಲಿ ಇದು ಆಗಲ್ಲ.

ಸರಿ, ತಕರಾರುಗಳು. ಮೀನಿನ ವಾಸನೆ ಇದೆ. ಬಂದರು ಅದು, ಇರಲೇಬೇಕು. ನಮ್ಮಮ್ಮ ಶುದ್ಧ ಸಸ್ಯಾಹಾರಿ, ಮೊದಲ ದಿನ ಮೂಗಿಗೆ ಸೆರಗು ಹಿಡಿದಿದ್ದರು. ಎರಡನೇ ದಿನ ಸೆರಗು ಇಳಿಯಿತು, ಮೂರನೇ ದಿನ ಮನೆಯಾಕೆಯ ಹತ್ರ ತಂಬುಳಿ ಕಲಿಯುತ್ತಾ ಕೂತಿದ್ದರು. ತಂಗೋಕೆ ಜಾಗ ಕಮ್ಮಿ, ಮೊದಲೇ ಹೇಳಿಟ್ಟುಕೊಳ್ಳಬೇಕು. ಸಿಗದಿದ್ದರೆ ಎದುರು ದಂಡೆಯ ಅಘನಾಶಿನಿ ಅಥವಾ ಕಾಗಾಲದ ಕಡೆ ಹುಡುಕಿ, ಹೊಳೆ ಅದೇ. ದೊಡ್ಡ ಆಸ್ಪತ್ರೆ ಇಲ್ಲ, ಹಿರಿಯರ ಮಾತ್ರೆ ಎರಡು ದಿನಕ್ಕೆ ಹೆಚ್ಚು ಇರಲಿ. ಮಳೆಗಾಲದಲ್ಲಿ ಬೇಡ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದಿದ್ದು ನೆನಪಿರಲಿ. ಜೂನ್-ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರೋದ್ರಿಂದ ಬಂದರೂ ಬಿಕೋ ಅನ್ನುತ್ತೆ. ನವೆಂಬರಿನಿಂದ ಫೆಬ್ರವರಿ ಒಳ್ಳೇದು. ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಕುಮಟಾ, ಇಲ್ಲಾ ಗೋಕರ್ಣ ರೋಡ್. ಕಾರು ಬೇಡವೇ ಬೇಡ, ಬೇಕಾದ ದಿನ ಮಾತ್ರ ಬಾಡಿಗೆಗೆ ಹಿಡಿಯಿರಿ. ಕಾರಿದ್ದರೆ ಕಾರಲ್ಲಿ ಕೂರೋ ಆಸೆ ಬರುತ್ತೆ.

ದಿನಕ್ಕೆ ಒಂದೇ ಜಾಗ. ಒಂದು ದಿನ ಮಿರ್ಜಾನ್, ಒಂದು ದಿನ ಬೆಳಿಗ್ಗೆ ಬೇಗ ಗೋಕರ್ಣ, ಒಂದು ದಿನ ತಾರಿ ದಾಟಿ ಅಘನಾಶಿನಿ. ಯಾಣದ ಬಂಡೆಗಳನ್ನ ನಾವು ಬಿಟ್ವಿ. ಬಿಟ್ಟಿದ್ದಕ್ಕೆ ಯಾರೂ ಅಳಲಿಲ್ಲ.

ಕೊನೆಯದಾಗಿ ಒಂದು ಅಳುಕು. ಇದನ್ನ ಬರೆದು ನಾನೇ ತದಡಿಯನ್ನ ಇನ್ನೊಂದು ಗೋಕರ್ಣ ಮಾಡೋಕೆ ಹೊರಟೆನಾ? ಎರಡು ಸಲ ಡಿಲೀಟ್ ಮಾಡಿ ಮತ್ತೆ ಬರೆದೆ. ಸ್ಥಾವರ, ದೊಡ್ಡ ಬಂದರು ಅಂತ ಈ ಹೊಳೆಬಾಯಿಗೆ ಕಣ್ಣು ಹಾಕಿದವರು ಬಹಳ ಜನ. ಅಲ್ಲಿ ಮೂರು ದಿನ ಸುಮ್ಮನೆ ಕೂತು ಬಂದವರು ಊರಿಗೊಬ್ಬರಾದರೂ ಇದ್ದರೆ, ಮುಂದೆ ಯಾರಾದರೂ "ನಾಲ್ಕು ಜನ ಬೇಡ ಅಂತಾರೆ" ಅಂದಾಗ, ಅಪ್ಪನ ಹಾಗೆ ಒಂದು ಮಾತು ತಿದ್ದಬಹುದು ಅನ್ನಿಸಿತು. ಅದಕ್ಕೇ ಪಬ್ಲಿಷ್ ಒತ್ತಿದೆ. ಹೋದರೆ ಗಲಾಟೆ ಮಾಡಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ, ಅಷ್ಟೇ ಬೇಡಿಕೆ.

ಪಕ್ಕದ ಮನೆಯವರು ಈ ಸಲಾನೂ ಕೇಳಿದ್ರು, "ಏನೇನು ನೋಡಿದ್ರಿ ಸಾರ್?" ಅಪ್ಪ ಅರ್ಧ ಗಂಟೆ ಮಾತಾಡಿದ್ರು. ಪಾರ್ಕಿಂಗಿನ ಸುದ್ದಿ ಬರಲೇ ಇಲ್ಲ.

ಕುಮಟಾ, ಹೊನ್ನಾವರದ ಕಡೆಯ ಬ್ಲಾಗಿಗರು ಇಲ್ಲಿ ಸುಮಾರು ಜನ ಇದ್ದೀರಿ. ನಾನು ಘಟ್ಟದ ಮೇಲಿನವನು, ತಪ್ಪಿದ್ದರೆ ತಿದ್ದಿ. ನಿಮ್ಮ ಲೆಕ್ಕದಲ್ಲಿ ಚೀಲ ಎಲ್ಲಿ ಇಳಿಸಬೇಕು?