ಪೋಡಿನ ಶಾಲೆಗೆ ಪೋಡಿನ ಮೇಷ್ಟ್ರು ಯಾಕೆ ಬೇಕು?

ಚಾಮರಾಜನಗರ: ಜೂನ್ ಬಂತು ಅಂದ್ರೆ ನಮ್ಮ ಜಿಲ್ಲೆಯ ಶಾಲೆಗಳ ಸುದ್ದಿ ಒಂದೇ. ಎಲ್ಲೆಲ್ಲಿ ಮೇಷ್ಟ್ರಿಲ್ಲ, ಎಷ್ಟು ಹುದ್ದೆ ಖಾಲಿ, ಎಷ್ಟು ಜನ ಅತಿಥಿ ಶಿಕ್ಷಕರನ್ನ ತಗೋತಾರೆ. ಖಾಲಿ ಹುದ್ದೆಯ ಲೆಕ್ಕ ಎಲ್ಲರೂ ಕೇಳ್ತಾರೆ. ತುಂಬಿರೋ ಹುದ್ದೆಯಲ್ಲಿ ಯಾರಿದ್ದಾರೆ ಅನ್ನೋ ಲೆಕ್ಕ ಯಾರೂ ಕೇಳಲ್ಲ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಬಂಡೀಪುರದ ಅಂಚಿನ ಶಾಲೆಗಳಲ್ಲಿ ಕೂತಿರೋ ಮಕ್ಕಳು ಸೋಲಿಗರು, ಜೇನುಕುರುಬರು. ಬಿಸಿಯೂಟ ಬೇಯಿಸೋ ಅಮ್ಮನೂ ಎಷ್ಟೋ ಕಡೆ ಅದೇ ಪೋಡಿನವರು. ಕರಿಹಲಗೆ ಮುಂದೆ ನಿಂತವರು ಮಾತ್ರ ಹೆಚ್ಚಾಗಿ ಕೆಳಗಿನ ಊರಿಂದ ಬಂದವರು.

ಪಾಠ ಮಾಡೋಕೆ ಜಾತಿ ಯಾಕೆ, ಓದಿರೋರು ಯಾರಾದ್ರೂ ಸಾಲದಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕೆಳಗಿನಿಂದ ಬಂದು ಮಕ್ಕಳಿಗಾಗಿ ಜೀವ ತೇಯ್ದ ಮೇಷ್ಟ್ರುಗಳೂ ಬೆಟ್ಟದಲ್ಲಿ ಇದ್ದಾರೆ. ಆದರೆ ಒಬ್ಬಿಬ್ಬರ ಒಳ್ಳೆತನದಿಂದ ಮುಗಿಯೋ ವಿಷಯ ಇದಲ್ಲ.

ಮೊದಲು ಭಾಷೆ ನೋಡಿ. ಸೋಲಿಗರ ಮಾತು ಕನ್ನಡಕ್ಕೆ ಹತ್ತಿರ. ಹತ್ತಿರ ಇರೋದ್ರಿಂದಲೇ ತೊಂದರೆ. ಮಗು ತಮಿಳೋ ಉರ್ದುವೋ ಮಾತಾಡಿದ್ರೆ ಅದು ಬೇರೆ ಭಾಷೆ ಅಂತ ಮೇಷ್ಟ್ರಿಗೆ ಗೊತ್ತಾಗುತ್ತೆ. ಸೋಲಿಗರ ಮಗು ತನ್ನ ಮನೆ ಮಾತು ಆಡಿದ್ರೆ ಅದು 'ತಪ್ಪು ಕನ್ನಡ' ಅನ್ನಿಸಿಕೊಳ್ಳುತ್ತೆ. ಒಂದನೇ ಕ್ಲಾಸಲ್ಲಿ ನಾಲ್ಕು ಸಲ ತಿದ್ದಿಸಿಕೊಂಡ ಮಗು ಐದನೇ ಸಲ ಬಾಯಿ ತೆರೆಯಲ್ಲ. ಆದಷ್ಟು ಮಟ್ಟಿಗೆ ಮಗುವಿನ ತಾಯ್ನುಡಿಯಲ್ಲೇ ಕಲಿಸಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಹೇಳುತ್ತೆ. ಆ ಮಾತು ಗೊತ್ತಿರೋರೇ ಶಾಲೆಯಲ್ಲಿ ಇಲ್ಲದಿದ್ರೆ ಕಲಿಸೋದು ಯಾರು?

ಎರಡನೇದು, ಹಾಜರಿ. ಜೇನು, ನೆಲ್ಲಿಕಾಯಿ ಸೀಸನ್, ಕಾಫಿ ತೋಟದ ಕೂಲಿ ಅಂತ ಅಪ್ಪ ಅಮ್ಮನ ಜೊತೆ ಮಗೂನೂ ಹೊರಟುಬಿಡುತ್ತೆ. ಹೊರಗಿನವರಿಗೆ ಅದು 'ಗೈರು'. ಪೋಡಿನವರಿಗೆ ಯಾವ ಮನೆಯವರು ಎಲ್ಲಿಗೆ ಹೋದ್ರು, ಯಾವಾಗ ಬರ್ತಾರೆ ಅಂತ ಗೊತ್ತಿರುತ್ತೆ. ಸಂಜೆ ಕೊನೇ ಬಸ್ ಹಿಡಿಯೋ ಮೇಷ್ಟ್ರಿಗೆ ಆ ಮನೆ ಬಾಗಿಲಿಗೆ ಹೋಗೋಕೆ ಹೊತ್ತೆಲ್ಲಿ?

ಇದು ಬರೀ ನಂಬಿಕೆ ಮಾತಲ್ಲ. ಆಂಧ್ರದ ಹಳ್ಳಿಗಳ ಸರ್ಕಾರಿ ಶಾಲೆಗಳ ಐದು ವರ್ಷದ ಅಂಕಿಅಂಶ ಇಟ್ಕೊಂಡು ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಕೇತಕಿ ಶೇಠ್ ಒಂದು ಅಧ್ಯಯನ ಮಾಡಿದ್ರು. ಶಿಕ್ಷಕಿ ಪಾಠ ಮಾಡಿದ ವರ್ಷ ಹುಡುಗಿಯರು ಹೆಚ್ಚು ಕಲಿತಿದ್ರು, ಹುಡುಗರ ಕಲಿಕೆಗೆ ಏನೂ ಪೆಟ್ಟು ಬಿದ್ದಿರಲಿಲ್ಲ. ಅದು ಹೆಣ್ಣು ಗಂಡಿನ ಲೆಕ್ಕ, ಬುಡಕಟ್ಟಿನದ್ದಲ್ಲ. ಆದ್ರೂ ಎದುರಿಗೆ ನಿಂತಿರೋರು ಯಾರು ಅನ್ನೋದು ಕಲಿಕೆಗೆ ತಟ್ಟುತ್ತೆ ಅಂತ ಅದರಿಂದ ಗೊತ್ತಾಗುತ್ತೆ.

ಹಾಗಾದ್ರೆ ಸೋಲಿಗರಲ್ಲಿ ಓದಿದವರಿಲ್ವಾ? ಇದ್ದಾರೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ ಮೇಲೆ ಅಲ್ಲಿ ಒಂದು ತಲೆಮಾರೇ ಓದಿದೆ. ಸೋಲಿಗರಲ್ಲೇ ಪಿಎಚ್‌ಡಿ ಮಾಡಿದ ಡಾ. ಸಿ. ಮಾದೇಗೌಡ ಇದ್ದಾರೆ. ಡಿ.ಎಡ್, ಬಿ.ಎಡ್ ಮಾಡಿ ಮನೇಲಿ ಕೂತಿರೋ ಹುಡುಗ ಹುಡುಗಿಯರೂ ಇದ್ದಾರೆ.

ಅವರು ಸಿಕ್ಕಿಕೊಳ್ಳೋದು ನೇಮಕಾತಿಯಲ್ಲಿ. 2022ರಲ್ಲಿ ರಾಜ್ಯದ ಎಸ್‌ಟಿ ಮೀಸಲಾತಿ ಶೇ 3ರಿಂದ ಶೇ 7ಕ್ಕೆ ಏರಿತು. ಆದರೆ ಆ ಪಟ್ಟಿಯಲ್ಲಿ ಐವತ್ತು ಸಮುದಾಯ ಇವೆ. 2011ರ ಜನಗಣತಿ ಪ್ರಕಾರ ರಾಜ್ಯದ ಎಸ್‌ಟಿ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲಿನಷ್ಟು ನಾಯಕ ಸಮುದಾಯದವರೇ. ಅವರಿಗೆ ಸಿಕ್ಕಿದ್ದು ಅವರ ಹಕ್ಕು, ಅದರಲ್ಲಿ ತಪ್ಪಿಲ್ಲ. ಆದರೆ ಊರಲ್ಲಿ ಕೋಚಿಂಗ್ ಸೆಂಟರ್ ಇರೋ ಅಭ್ಯರ್ಥಿ ಜೊತೆ, ಟಿಇಟಿ ಅರ್ಜಿ ಹಾಕೋಕೂ ಬೆಟ್ಟ ಇಳಿಬೇಕಾದ ಅಭ್ಯರ್ಥಿ ಒಂದೇ ಪಟ್ಟಿಯಲ್ಲಿ ಓಡಬೇಕು. ಓಟ ಯಾರು ಗೆಲ್ತಾರೆ ಅಂತ ಹೇಳಬೇಕಿಲ್ಲ.

ಪೂರ್ತಿ ಹುದ್ದೆ ಬುಡಕಟ್ಟಿನವರಿಗೇ ಕೊಟ್ಟುಬಿಡಿ ಅನ್ನೋಕೂ ಆಗಲ್ಲ. ಅವಿಭಜಿತ ಆಂಧ್ರ 2000ದಲ್ಲಿ ಹಾಗೇ ಮಾಡಿತ್ತು. ಪರಿಶಿಷ್ಟ ಪ್ರದೇಶದ ಶಾಲೆಗಳ ಶಿಕ್ಷಕ ಹುದ್ದೆ ನೂರಕ್ಕೆ ನೂರು ಸ್ಥಳೀಯ ಬುಡಕಟ್ಟಿನವರಿಗೇ ಅಂತ ಆದೇಶ ಹೊರಡಿಸಿತ್ತು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನ ರದ್ದು ಮಾಡಿತು. ಕರ್ನಾಟಕದಲ್ಲಂತೂ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ಆದರೆ ಕೋರ್ಟ್ ಬೇಡ ಅಂದಿದ್ದು ನೂರಕ್ಕೆ ನೂರನ್ನ. ನಾವು ಕೇಳ್ತಿರೋದು ಶಾಲೆಗೊಬ್ಬರನ್ನ.

ದಾರಿ ಹುಡುಕೋಕೆ ದೂರ ಹೋಗಬೇಕಿಲ್ಲ. ಗುಂಡ್ಲುಪೇಟೆ ದಾಟಿದ್ರೆ ವಯನಾಡು. ಅಲ್ಲಿ ಕೇರಳ ಸರ್ಕಾರ 2017ರಲ್ಲಿ 'ಗೋತ್ರಬಂಧು' ಅಂತ ಯೋಜನೆ ತಂದು, ಶಿಕ್ಷಕ ತರಬೇತಿ ಪಡೆದ ಇನ್ನೂರಕ್ಕೂ ಹೆಚ್ಚು ಬುಡಕಟ್ಟು ಯುವಕ ಯುವತಿಯರನ್ನ ಪ್ರಾಥಮಿಕ ಶಾಲೆಗಳಿಗೆ ಮೆಂಟರ್ ಶಿಕ್ಷಕರನ್ನಾಗಿ ಹಾಕಿತು. ಇದ್ದ ಮೇಷ್ಟ್ರನ್ನ ತೆಗೆಯಲಿಲ್ಲ. ಅವರ ಪಕ್ಕದಲ್ಲಿ, ಮಕ್ಕಳ ಮಾತು ಬಲ್ಲ ಇನ್ನೊಬ್ಬರನ್ನ ನಿಲ್ಲಿಸಿತು.

ನಮ್ಮಲ್ಲಿ ಅತಿಥಿ ಶಿಕ್ಷಕರ ಆಯ್ಕೆ ಆಗೋದು ಬೆಂಗಳೂರಲ್ಲಲ್ಲ, ತಾಲ್ಲೂಕು ಮತ್ತು ಶಾಲೆ ಮಟ್ಟದಲ್ಲೇ. ಅರ್ಹತೆ ಇರೋ ಪೋಡಿನ, ಹಾಡಿಯ ಅಭ್ಯರ್ಥಿಗೆ ಅದೇ ಪೋಡಿನ ಶಾಲೆಯಲ್ಲಿ ಆದ್ಯತೆ ಕೊಡಿ ಅಂತ ಜಿಲ್ಲಾಡಳಿತ ಇಲಾಖೆಗೆ ಒಂದು ಪ್ರಸ್ತಾವ ಕಳಿಸೋಕೆ ಏನಡ್ಡಿ? ಹಾಗಂತ ಅವರನ್ನ ಹತ್ತು ಹನ್ನೆರಡು ಸಾವಿರದ ಗೌರವಧನದಲ್ಲೇ ಕಾಲ ತಳ್ಳಿಸಿದ್ರೆ ಅದೂ ಮೋಸವೇ. ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಬೆಟ್ಟದ ಮೇಲೇ ಟಿಇಟಿ ತರಬೇತಿ ಕೊಡಲಿ, ಕಾಯಂ ಹುದ್ದೆಗೆ ದಾರಿ ಮಾಡಲಿ.

ಇದಕ್ಕೂ ಮೊದಲು ಒಂದು ಕೆಲಸ ಇದೆ, ಅದಕ್ಕೆ ದುಡ್ಡೂ ಬೇಕಿಲ್ಲ. ಕಾಡಂಚಿನ ಸರ್ಕಾರಿ ಶಾಲೆ, ಆಶ್ರಮ ಶಾಲೆಗಳಲ್ಲಿ ಸೋಲಿಗ, ಜೇನುಕುರುಬ, ಕಾಡುಕುರುಬ ಶಿಕ್ಷಕರು ಎಷ್ಟು ಜನ ಇದ್ದಾರೆ ಅನ್ನೋ ಸಂಖ್ಯೆಯನ್ನ ತಾಲ್ಲೂಕುವಾರು ಹೊರಗಿಡಿ. ಹೆಸರು ಬೇಡ, ಸಂಖ್ಯೆ ಸಾಕು. ಮಕ್ಕಳ ಹಾಜರಿಯನ್ನ ಜಾತಿವಾರು ಬರೆದಿಡೋ ಇಲಾಖೆಗೆ ಮೇಷ್ಟ್ರ ಲೆಕ್ಕ ಕೊಡೋದು ಕಷ್ಟ ಆಗಬಾರದು. ಮುಂದಿನ ಕೆಡಿಪಿ ಸಭೆಯಲ್ಲಿ ಯಾವ ಶಾಸಕರು ಈ ಸಂಖ್ಯೆ ಕೇಳ್ತಾರೆ ಅಂತ ಪೋಡಿನ ಜನ ನೋಡ್ತಿರಬೇಕು.