ಇಡುಗಂಟಿನ ಹಣವೂ ಅವಿರೋಧ ಆಯ್ಕೆಯೂ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ವ್ರತಗಳನ್ನೂ ಅವುಗಳ ಅತಿಚಾರಗಳನ್ನೂ ನಿರೂಪಿಸುತ್ತದೆ. ಅಲ್ಲಿ ನ್ಯಾಸಾಪಹಾರ, ಅಂದರೆ ಇನ್ನೊಬ್ಬರು ನಂಬಿ ಇರಿಸಿದ ಇಡುಗಂಟನ್ನು ಅಪಹರಿಸುವುದು, ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರದೆ ಸತ್ಯವ್ರತದ ಅತಿಚಾರಗಳಲ್ಲಿ ಸೇರಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ ಒಂದು ಸನ್ನಿವೇಶವನ್ನು ಹೇಳುತ್ತಾರೆ. ಒಬ್ಬನು ಚಿನ್ನವನ್ನು ಮತ್ತೊಬ್ಬನಲ್ಲಿ ಇರಿಸಿ, ಎಷ್ಟು ಇರಿಸಿದ್ದೆನೆಂಬುದನ್ನು ಮರೆತು, ಕಡಿಮೆ ಸಂಖ್ಯೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿಬಿಡುತ್ತಾನೆ. ಇಲ್ಲಿ ಕನ್ನ ಕೊರೆದವರಿಲ್ಲ, ಬೀಗ ಮುರಿದವರಿಲ್ಲ. ಮಾಲೀಕನ ಮರೆವಿಗೆ ಕಾಪಾಡುವವನ ಒಪ್ಪಿಗೆ ಕೂಡಿತು, ಅಷ್ಟರಿಂದಲೇ ವ್ರತಕ್ಕೆ ಕಲೆ ಹತ್ತಿತು.

ಸಮಾಜದ ಹಣವನ್ನು ಹಂಚುವ ಸಮಿತಿಗಳ ಸದಸ್ಯತ್ವವನ್ನು ಬಯಸುವವರು ಮೊದಲು ಓದಬೇಕಾದುದು ಈ ವಿವರಣೆಯನ್ನು. ಬಸದಿಯ ನಿಧಿ, ವಿದ್ಯಾರ್ಥಿಗಳ ಶಿಷ್ಯವೃತ್ತಿಯ ನಿಧಿ, ಜೀರ್ಣೋದ್ಧಾರದ ನಿಧಿ, ಇವೆಲ್ಲವೂ ಇಡುಗಂಟುಗಳೇ. ಇಟ್ಟವರು ನೂರಾರು ಮನೆಯವರು. ಎಷ್ಟು ಇಟ್ಟೆವೆಂಬುದನ್ನು ಮರೆತವರೂ ಅವರೇ. ಇಂಥ ನಿಧಿಯ ಸಮಿತಿಗೆ ಯಾವ ಪ್ರಶ್ನೆಯೂ ಇಲ್ಲದೆ ಅವಿರೋಧವಾಗಿ ಆಯ್ಕೆಯಾಗುವುದನ್ನು ಗ್ರಾಮಕ್ಕೆ ಭೂಷಣವೆಂದು ಹೊಗಳುವ ರೂಢಿ ಕರೋಶಿಯಿಂದ ಕಾಗವಾಡದವರೆಗಿನ ಈ ಸೀಮೆಯಲ್ಲಿ ಅಪರಿಚಿತವಲ್ಲ. ಆ ರೂಢಿಯು ಭೂಷಣವಲ್ಲ. ಬಹುಮಟ್ಟಿಗೆ ಅದು ನ್ಯಾಸಾಪಹಾರಕ್ಕೆ ಹಾಸಿದ ಚಾಪೆ.

ಈ ಮಾತಿನ ಹುರುಳನ್ನು ತಿಳಿಯಲು, ಜೈನ ಸಮಾಜವು ಸಂಶಯದಿಂದಲೇ ನೋಡಬೇಕಾದ ಒಂದು ಕ್ಷೇತ್ರದ ಕಡೆ ಕಣ್ಣು ಹಾಯಿಸಬೇಕಾಗುತ್ತದೆ. ಅದು ಕ್ರಿಪ್ಟೋ ನಾಣ್ಯಗಳ ಕ್ಷೇತ್ರ. ಅಲ್ಲಿ ಝೀಕ್ಯಾಶ್ ಎಂಬ ನಾಣ್ಯವೊಂದು 2016ರಲ್ಲಿ ಆರಂಭವಾಯಿತು. ಗಣಕಯಂತ್ರಗಳ ಜಾಲದಲ್ಲಿ ಲೆಕ್ಕ ಬಿಡಿಸುವವರಿಗೆ ಪ್ರತಿಫಲವಾಗಿ ಹೊಸ ನಾಣ್ಯಗಳು ಹುಟ್ಟುತ್ತವೆ. ಮೊದಲ ನಾಲ್ಕು ವರ್ಷ ಹೀಗೆ ಹುಟ್ಟಿದ ನಾಣ್ಯಗಳಲ್ಲಿ ಶೇ. 20ರಷ್ಟು ಸ್ಥಾಪಕರು, ಹೂಡಿಕೆದಾರರು ಮತ್ತು ಅವರ ಸಂಸ್ಥೆಗಳ ಪಾಲಾಯಿತು. ದೀರ್ಘ ಚರ್ಚೆಯ ನಂತರ 2020ರ ನವೆಂಬರಿನಿಂದ ಹಂಚಿಕೆಯ ಹೊಸ ಕ್ರಮ ಜಾರಿಗೆ ಬಂದು, ಶೇ. 8ರಷ್ಟು ಭಾಗವು ಹೊರಗಿನ ಕುಶಲಿಗಳ ಕೆಲಸಕ್ಕೆ ಅನುದಾನವಾಗಿ ಮೀಸಲಾಯಿತು. ಅದನ್ನು ಹಂಚಲು ಐದು ಜನರ ಚುನಾಯಿತ ಸಮಿತಿಯನ್ನು ನೇಮಿಸಲಾಯಿತು. ಸದಸ್ಯತ್ವದ ಅವಧಿ ಒಂದು ವರ್ಷ. ಮತ್ತೆ ಬೇಕೆಂದರೆ ಮತ್ತೆ ಮತ ಕೇಳಬೇಕು. ತನಗೆ ಹಣದ ಸಂಬಂಧವಿರುವ ಅರ್ಜಿ ಬಂದಾಗ ಸದಸ್ಯನು ಮತದಾನದಿಂದ ಹಿಂದೆ ಸರಿಯಲೇಬೇಕು. ನಾಣ್ಯವನ್ನು ಕಟ್ಟಿದ ಮೂಲ ಕಂಪನಿಯ ಸಂಬಂಧವುಳ್ಳವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಸಮಿತಿಯಲ್ಲಿ ಸ್ಥಾನವಿಲ್ಲವೆಂದೂ ನಿಯಮವಾಯಿತು. ಅಭ್ಯರ್ಥಿಯಾದವನು ತಾನು ಯಾರು, ಏನು ಮಾಡಿದ್ದೇನೆ, ಯಾವ ಕೆಲಸಕ್ಕೆ ಹಣ ಕೊಡುವೆ ಎಂಬುದನ್ನು ಎಲ್ಲರ ಮುಂದೆ ಬರೆದು, ಬಂದ ಪ್ರಶ್ನೆಗಳಿಗೆ ಉತ್ತರಿಸಿ, ಅನಂತರ ಮತ ಕೇಳುತ್ತಾನೆ.

ಇದರಲ್ಲಿ ಒಂದು ವಿಚಿತ್ರವಿದೆ. ಕೊಟ್ಟವರಾರು, ಪಡೆದವರಾರು, ಮೊತ್ತವೆಷ್ಟು ಎಂಬುದನ್ನು ಮರೆಮಾಡಬಲ್ಲ ನಾಣ್ಯವೆಂದೇ ಝೀಕ್ಯಾಶ್ ಪ್ರಸಿದ್ಧವಾದುದು. ಗೋಪ್ಯತೆಯನ್ನೇ ಗುರಿಯಾಗಿಸಿಕೊಂಡ ಆ ಜನರೂ ಸಾಮಾನ್ಯ ನಿಧಿಯ ಮಾತು ಬಂದಾಗ ಅಭ್ಯರ್ಥಿಯನ್ನು ಬೆಳಕಿಗೆ ನಿಲ್ಲಿಸಿದರು. ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಗುಪ್ತದಾನವನ್ನು ಶ್ರೇಷ್ಠವೆಂದು ಎಣಿಸುವ ಸಮಾಜದಲ್ಲಿ ದಾನಿಯ ಹೆಸರು ಅಮೃತಶಿಲೆಯ ಮೇಲೆ ಕೊರೆಯಲ್ಪಡುತ್ತದೆ, ವೆಚ್ಚದ ಲೆಕ್ಕ ಕಪಾಟಿನಲ್ಲಿ ಉಳಿಯುತ್ತದೆ. ಗುಪ್ತವಾಗಿರಬೇಕಾದುದು ದಾನಿಯ ಹೆಸರು. ಗುಪ್ತವಾಗಿರಬಾರದುದು ವೆಚ್ಚದ ಲೆಕ್ಕ.

ಹೀಗೆಂದ ಮಾತ್ರಕ್ಕೆ ಆ ನಾಣ್ಯಗಳನ್ನು ಯಾರೂ ಮೆಚ್ಚಬೇಕಾಗಿಲ್ಲ. ಬೆಲೆಯ ಏರಿಳಿತವನ್ನೇ ನಂಬಿ ಹಣ ಹೂಡುವುದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ತೀರ ಸಮೀಪದ್ದು. ಭಾರತದಲ್ಲಿ 2022ರಿಂದ ಇಂಥ ಆಸ್ತಿಯ ಲಾಭಕ್ಕೆ ಶೇ. 30ರಷ್ಟು ತೆರಿಗೆಯಿದೆ, ವರ್ಗಾವಣೆಗೆ ಶೇ. 1ರ ಕಡಿತವೂ ಇದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಭಾರತೀಯ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳುವಾದುವು. ಪುಣೆ, ಬೆಂಗಳೂರುಗಳಲ್ಲಿ ದುಡಿಯುವ ತರುಣರು ಬಸದಿಯ ನಿಧಿಯನ್ನು ಅಲ್ಲಿ ಬೆಳೆಸೋಣವೆಂದು ಸಲಹೆ ತಂದರೆ ವಿಶ್ವಸ್ತರು ಒಪ್ಪಲಾಗದು. ಇಡುಗಂಟನ್ನು ಪಣಕ್ಕೆ ಒಡ್ಡುವ ಅಧಿಕಾರ ಕಾಪಾಡುವವನಿಗಿಲ್ಲ. ಆ ಸಮಿತಿಯ ಕ್ರಮವೂ ನಿರ್ದೋಷವಲ್ಲ. ಮತ ಹಾಕುವವರ ಬಳಗ ಚಿಕ್ಕದು, ಅರ್ಜಿ ಹಾಕುವವರೂ ಬಹುಪಾಲು ಅದೇ ಪರಿಚಯದ ವಲಯದವರು. ಆದರೆ ಬಳಗ ಚಿಕ್ಕದೆಂಬುದನ್ನು ಅರಿತೇ ಅವರು ಹಿಂದೆ ಸರಿಯುವ ನಿಯಮವನ್ನು ಮಾಡಿಕೊಂಡರು. ಬೀಗತನದಿಂದ ಊರಿಗೆ ಊರೇ ನೆಂಟರಾಗಿರುವ ಈ ಸೀಮೆಯ ಶ್ರಾವಕರಿಗೆ ಆ ನಿಯಮದ ಅಗತ್ಯ ಅವರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಹಂಚುವವನು ದಾನಿಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ದಾನವೆಂದರೆ ಪರರ ಹಿತಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೆಂದು ಸೂತ್ರಕಾರರು ಹೇಳಿದ್ದಾರೆ. ‘ತನ್ನದು’ ಎಂಬ ಪದದಲ್ಲಿಯೇ ಎಲ್ಲವೂ ಅಡಗಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದು ತನ್ನ ಸಂಪತ್ತಿನ ತ್ಯಾಗ. ಸಮಿತಿಯ ಸದಸ್ಯನು ಶಿಷ್ಯವೃತ್ತಿಯ ಚೆಕ್ಕನ್ನು ವೇದಿಕೆಯ ಮೇಲೆ ಕೊಟ್ಟು ಹಾರ ಹಾಕಿಸಿಕೊಳ್ಳುವಾಗ ತ್ಯಾಗವಾದುದು ಬೇರೆಯವರದು, ಹಾರ ಮಾತ್ರ ಇವನದು. ದಾನದ ಫಲವು ವಿಧಿ, ದ್ರವ್ಯ, ದಾತೃ ಮತ್ತು ಪಾತ್ರಗಳ ವಿಶೇಷದಿಂದ ಹೆಚ್ಚುಕಡಿಮೆಯಾಗುತ್ತದೆಂಬುದು ಅದೇ ಅಧ್ಯಾಯದ ಬೋಧೆ. ದ್ರವ್ಯವೂ ದಾತೃವೂ ಬೇರೆಡೆಯಿಂದ ಬಂದ ಮೇಲೆ ಸದಸ್ಯನ ಕೈಯಲ್ಲಿ ಉಳಿಯುವುವು ಎರಡೇ: ವಿಧಿ ಮತ್ತು ಪಾತ್ರದ ವಿವೇಕ. ಆ ಎರಡರ ಬಗೆಗೆ ಮತ ಕೇಳುವಾಗ ಒಂದು ಮಾತನ್ನೂ ಆಡದವನಿಗೆ ಮತ ಕೇಳುವ ಹಕ್ಕು ಎಲ್ಲಿಂದ ಬಂದೀತು?

ಇದಕ್ಕೆ ಹಿರಿಯರು ಒಡ್ಡುವ ಮೊದಲ ಆಕ್ಷೇಪ, ಸ್ಪರ್ಧೆಯಿಂದ ಕಷಾಯ ಹೆಚ್ಚುತ್ತದೆ, ಊರು ಒಡೆಯುತ್ತದೆ ಎಂಬುದು. ಪೆನಲ್ ಕಟ್ಟಿ, ಊಟ ಹಾಕಿಸಿ, ಹಗೆ ಸಾಧಿಸುವ ಸಹಕಾರಿ ಚುನಾವಣೆಗಳನ್ನು ಕಂಡವರಿಗೆ ಈ ಭಯ ಸಹಜವೇ. ಆದರೆ ಅವಿರೋಧ ಆಯ್ಕೆಯಿಂದ ಕಷಾಯವು ಅಳಿಯುವುದಿಲ್ಲ, ಕಟ್ಟೆಯ ಮೇಲಿನ ಪಿಸುಮಾತಾಗುತ್ತದೆ. ಅನೇಕಾಂತವೆಂದರೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದಲ್ಲ; ವಸ್ತುವನ್ನು ನಾನಾ ನಯಗಳಿಂದ ನೋಡಿ ಮಾತಾಡುವುದು. ಒಂದೇ ಹೆಸರು, ಒಂದೇ ಠರಾವು, ಒಂದೇ ಚಪ್ಪಾಳೆಯೆಂಬುದು ಏಕಾಂತವಾದದ ಅಚ್ಚು.

ಎರಡನೆಯ ಆಕ್ಷೇಪ, ಸ್ಥಾನವನ್ನು ಕೇಳುವುದೇ ಮಾನಕಷಾಯ. ಸಜ್ಜನನನ್ನು ಊರವರೇ ಬೇಡಿ ಕೂರಿಸಬೇಕು ಎಂಬುದು. ಕೇಳಲು ಇದು ವಿನಯದಂತೆ ತೋರುತ್ತದೆ. ಆದರೆ ಬೇಡಿ ಕೂರಿಸಲ್ಪಟ್ಟವನು ಯಾವ ಮಾತನ್ನೂ ಕೊಟ್ಟಿರುವುದಿಲ್ಲ. ನಾಳೆ ಲೆಕ್ಕ ಕೇಳಿದರೆ, ನಾನು ಕೇಳಿಕೊಂಡು ಬಂದವನಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ತಾನೇ ಮುಂದೆ ಬಂದು, ಇದನ್ನು ಮಾಡುವೆ, ಇದನ್ನು ಮಾಡಲಾರೆ ಎಂದವನು ಪರಿಮಾಣವ್ರತ ಹಿಡಿದವನಂತೆ ತನಗೆ ತಾನೇ ಎಲ್ಲೆ ಹಾಕಿಕೊಳ್ಳುತ್ತಾನೆ. ಮಾನವು ಎಲ್ಲೆಗೆ ಹೆದರುತ್ತದೆಯೇ ಹೊರತು ವಿನಯವಲ್ಲ.

ಮೂರನೆಯದು, ಲೆಕ್ಕ ಕೇಳುವುದು ಹಿರಿಯರ ಪ್ರಾಮಾಣಿಕತೆಯನ್ನು ಶಂಕಿಸಿದಂತೆ ಎಂಬುದು. ಮಹಾವ್ರತಿಗಳಾದ ಮುನಿಗಳೇ ಗುರುವಿನ ಮುಂದೆ ಆಲೋಚನೆ ಮಾಡಿ ತಮ್ಮ ದೋಷಗಳನ್ನು ನಿವೇದಿಸುತ್ತಾರೆ. ಅದರಿಂದ ಅವರ ಗೌರವ ಕುಂದಿತೆಂದು ಯಾರೂ ಹೇಳಿದ್ದಿಲ್ಲ. ಮುನಿಗಳಿಗೆ ಸಲ್ಲುವ ಆಲೋಚನೆ ಖಜಾಂಚಿಗೆ ಅವಮಾನವಾಗುವುದೆಂತು?

ಈ ಸೀಮೆಗೆ ಸಾರ್ವಜನಿಕ ಕಾರ್ಯದ ಪರಂಪರೆಯೇನೂ ಹೊಸದಲ್ಲ. ದಕ್ಷಿಣ ಭಾರತ ಜೈನ ಸಭೆಯು 1899ರಲ್ಲಿ ಹುಟ್ಟಿದುದು ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ. ಅದರ ಹಿರಿಯ ಕಾರ್ಯಕರ್ತರಾದ ಅಣ್ಣಾಸಾಹೇಬ ಲಠ್ಠೆಯವರು 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಗಳಾದರು. ಆಯವ್ಯಯವನ್ನು ಶಾಸನಸಭೆಯಲ್ಲಿ ಮಂಡಿಸಿ, ವಿರೋಧಿಗಳ ಪ್ರಶ್ನೆಗೆ ಉತ್ತರಿಸಬೇಕಾದ ಪದವಿ ಅದು. ಅಂಥವರನ್ನು ಕೊಟ್ಟ ಸಮಾಜವು ತನ್ನ ಬಸದಿಯ ಅಢಾವೆ ಪತ್ರಿಕೆಯನ್ನು ಓದಿ ಹೇಳಲು ಸಂಕೋಚಪಡುವುದು ಶೋಭೆಯಲ್ಲ.

ಮಾಡಬೇಕಾದುದು ಹೆಚ್ಚೇನಿಲ್ಲ. ಸಮಿತಿಗೆ ಬರಬಯಸುವ ಪ್ರತಿಯೊಬ್ಬ ಶ್ರಾವಕ ಅಥವಾ ಶ್ರಾವಿಕೆಯು ಒಂದು ಪುಟದ ಲಿಖಿತ ಹೇಳಿಕೆಯನ್ನು ಬಸದಿಯ ಫಲಕದ ಮೇಲೆ ಹಚ್ಚಲಿ. ನಿಧಿಯಿಂದ ತಾನಾಗಲಿ ತನ್ನ ಮನೆಯವರಾಗಲಿ ಪಡೆದುದೇನು, ನಿಧಿಯ ಕೆಲಸದ ಗುತ್ತಿಗೆಯಲ್ಲಿ ತನ್ನ ಪಾಲಿದೆಯೇ, ಯಾರಿಗೆ ಮೊದಲು ಕೊಡಬೇಕೆಂಬುದು ತನ್ನ ಅಭಿಪ್ರಾಯ, ಇವಿಷ್ಟು ಅದರಲ್ಲಿರಲಿ. ಒಬ್ಬನೇ ಅಭ್ಯರ್ಥಿಯಿದ್ದರೂ ಅವನು ಸಭೆಯ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸಿದ ನಂತರವೇ ಆಯ್ಕೆಯಾಗಲಿ. ನೆಂಟನ ಅರ್ಜಿ ಬಂದಾಗ ಸದಸ್ಯನು ಕೋಣೆಯಿಂದ ಎದ್ದು ಹೋಗಲಿ; ಎದ್ದು ಹೋದುದನ್ನು ನಡಾವಳಿಯಲ್ಲಿ ಬರೆಯಲಿ. ಅರ್ಜಿಯನ್ನು ತಳ್ಳಿಹಾಕಿದರೆ ಕಾರಣವನ್ನು ಅರ್ಜಿದಾರನಿಗೆ ಕಾಗದದಲ್ಲಿ ತಿಳಿಸಲಿ. ಬಡ ಮನೆಯ ಹುಡುಗಿಯೊಬ್ಬಳು ತನಗೇಕೆ ಶಿಷ್ಯವೃತ್ತಿ ಸಿಗಲಿಲ್ಲವೆಂದು ಯಾರ ಯಾರ ಮನೆಯ ಬಾಗಿಲಲ್ಲೋ ನಿಂತು ಕೇಳುವಂತಾಗಬಾರದು.

ವರ್ಷದ ಜಮಾಖರ್ಚನ್ನು ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚಧರ್ಮದ ದಿನ, ಪೂಜೆ ಮುಗಿದೊಡನೆ ಎಲ್ಲರೆದುರು ಓದಬೇಕು. ಶೌಚವೆಂದರೆ ಲೋಭದ ಕೊಳೆಯನ್ನು ತೊಳೆಯುವುದಾದ್ದರಿಂದ ಇದಕ್ಕಿಂತ ತಕ್ಕ ದಿನವಿಲ್ಲ. ಕೆಲವೇ ದಿನಗಳಲ್ಲಿ ಕ್ಷಮಾವಣಿ ಬರುತ್ತದೆ. ವಿಶ್ವಸ್ತರೂ ಊರವರೂ ಪರಸ್ಪರ ಕೈಮುಗಿದು ಕ್ಷಮೆ ಬೇಡುತ್ತಾರೆ. ಕೀರ್ದಿಯನ್ನು ಮುಚ್ಚಿಟ್ಟು ಬೇಡುವ ಕ್ಷಮೆಗೆ ಅರ್ಥವಿಲ್ಲ. ಯಾವುದಕ್ಕೆ ಕ್ಷಮಿಸಬೇಕೆಂಬುದೇ ಕೊಡುವವರಿಗೆ ತಿಳಿದಿರುವುದಿಲ್ಲ. ಇಟ್ಟವರು ಮರೆತಿರಬಹುದು. ಅವರಿಗೆ ನೆನಪು ಮಾಡಿಕೊಡುವುದೇ ಕಾಪಾಡುವವನ ಮೊದಲ ಧರ್ಮ. ಅದಕ್ಕೆ ಒಪ್ಪದವರು ಆ ಸ್ಥಾನವನ್ನು ಬಯಸದಿರುವುದೇ ಲೇಸು.