ಬೆಟ್ಟದ ಮನೆಗೆ ದಾರಿ ಹೇಳುವ ಬಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಕನ್ನಡ ಬಳಗದ ಹತ್ತು ಹನ್ನೆರಡು ಮಂದಿಗೆ ಬೆಟ್ಟದಿಂದ ಕರೆ ಬಂದಿತ್ತು. ನಿವೃತ್ತಿಯ ಬಳಿಕ ನೈನಿತಾಲ್ ಜಿಲ್ಲೆಯ ರಾಮಗಢದ ಸಮೀಪ ನೆಲೆಸಿರುವ ಕನ್ನಡ ದಂಪತಿಗಳು, ಎರಡು ದಿನ ಬಂದು ಇದ್ದು ಹೋಗಿ ಎಂದು ಕರೆದಿದ್ದರು. ಎಲ್ಲರಿಗೂ ದಾರಿ ತಿಳಿಸುವ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ದಿನವೂ ಟಿಪ್ಪಣಿ ಬರೆಯುವವನಿಗೆ ಅದೇನು ಕಷ್ಟ? ನಸುಕಿನ ನಾಲ್ಕಕ್ಕೆ ದೆಹಲಿ ಬಿಡಿ. ಹಾಪುರ, ಮುರಾದಾಬಾದ್, ರಾಂಪುರ, ಹಲ್ದ್ವಾನಿಯ ಮೇಲೆ ಬನ್ನಿ. ಮಧ್ಯಾಹ್ನದ ಊಟಕ್ಕೆ ತಲುಪುವಿರಿ. ವಾಹನ ನಿಲ್ಲಿಸಲು ಜಾಗವಿದೆ. ಇಷ್ಟು ಬರೆದು ಕಳುಹಿಸಿ ಕರ್ತವ್ಯ ಮುಗಿಯಿತೆಂದುಕೊಂಡೆ.

ಎಲ್ಲರೂ ಬಂದರು, ಒಬ್ಬರು ಬರಲಿಲ್ಲ. ಅವರು ಬಳಗದ ಹಿರಿಯ ಸದಸ್ಯೆ, ನಿವೃತ್ತ ಅಧ್ಯಾಪಕಿ, ಒಬ್ಬರೇ ವಾಸವಾಗಿರುವವರು. ಮುಂದಿನ ತಿಂಗಳ ಸಭೆಯಲ್ಲಿ, ಏಕೆ ಬರಲಿಲ್ಲ ಅಮ್ಮಾ ಎಂದು ಕೇಳಿದೆ. "ಕರೆದಿರಿ ಸರಿ, ನನಗೆ ದಾರಿಯನ್ನೇ ಹೇಳಲಿಲ್ಲವಲ್ಲ ಮಾರಾಯ್ರೆ" ಎಂದರು. ನಗುತ್ತಲೇ ಹೇಳಿದರು. ಆದರೆ ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಅವರಿಗೆ ಕಾರಿಲ್ಲ. ಯಾರನ್ನಾದರೂ ಕೇಳಿಕೊಂಡು ಅವರ ಹಿಂದಿನ ಸೀಟಿನಲ್ಲಿ ಕುಳಿತು ಬರುವುದು ಅವರ ಸ್ವಭಾವವಲ್ಲ. ನನ್ನ ಪತ್ರದಲ್ಲಿ ರೈಲು ಬಸ್ಸುಗಳ ಒಂದು ಸಾಲೂ ಇರಲಿಲ್ಲ.

ಅತಿಥಿಗಳಿಗೆ ದಾರಿ ತಿಳಿಸುವುದು ಬರಿಯ ಮಾಹಿತಿಯ ವಿಷಯವಲ್ಲ, ಯಾರನ್ನು ನಿಜವಾಗಿ ಕರೆದಿದ್ದೇವೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ ಎಂಬುದು ನನಗೆ ಅಂದು ಮನವರಿಕೆಯಾಯಿತು. ಕಾರಿನ ದಾರಿಯನ್ನಷ್ಟೇ ಹೇಳುವ ಕರೆಯೋಲೆ ಕಾರುಳ್ಳವರಿಗಷ್ಟೇ ಬರೆದ ಕರೆಯೋಲೆ.

ಹಾಗೆಂದು ಬೇರೆ ದಾರಿಗಳು ಇಲ್ಲವೆ? ಧಾರಾಳವಾಗಿವೆ. ಹಳೆ ದೆಹಲಿ ನಿಲ್ದಾಣದಿಂದ ರಾತ್ರಿ ಹೊರಡುವ ರಾಣಿಖೇತ್ ಎಕ್ಸ್‌ಪ್ರೆಸ್ ನಸುಕಿಗೆ ಕಾಠಗೋದಾಮ್ ಮುಟ್ಟುತ್ತದೆ. ಹೊಸ ದೆಹಲಿಯಿಂದ ಬೆಳಗ್ಗೆ ಹೊರಡುವ ಶತಾಬ್ದಿ ಮಧ್ಯಾಹ್ನಕ್ಕೆ ಮೊದಲೇ ಅಲ್ಲಿಗೆ ಸೇರುತ್ತದೆ. ನೋಯ್ಡಾ, ಗಾಜಿಯಾಬಾದ್ ಕಡೆಯವರಿಗೆ ಆನಂದ್ ವಿಹಾರದಿಂದ ಹಲ್ದ್ವಾನಿಗೆ ಉತ್ತರಾಖಂಡ ಸಾರಿಗೆಯ ಬಸ್ಸುಗಳಿವೆ. ಮೆಟ್ರೋದ ನೀಲಿ ಮತ್ತು ಗುಲಾಬಿ ಮಾರ್ಗಗಳೆರಡೂ ಆ ನಿಲ್ದಾಣವನ್ನು ಮುಟ್ಟುತ್ತವೆ. ಹಲ್ದ್ವಾನಿ, ಕಾಠಗೋದಾಮ್‌ಗಳಿಂದ ಮೇಲಕ್ಕೆ ಭೀಮತಾಲ್, ಭವಾಲಿಗಳತ್ತ ತಲೆಗಿಷ್ಟೆಂದು ಹಣ ಪಡೆಯುವ ಜೀಪು, ಟ್ಯಾಕ್ಸಿಗಳು ಓಡುತ್ತವೆ. ಭವಾಲಿಯಲ್ಲಿ ಇಳಿದು ಮತ್ತೊಂದನ್ನು ಹಿಡಿಯಬೇಕು. ಸಂಜೆಯಾದಂತೆ ಇವು ವಿರಳವಾಗುತ್ತವೆ. ಆದ್ದರಿಂದ ರಾತ್ರಿಯ ರೈಲು ಅಥವಾ ಬೆಳಗಿನ ಶತಾಬ್ದಿ ಲೇಸು. ಈ ಕೊನೆಯ ಮಾತು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಅಲ್ಲಿ ವಾಸಿಸುವ ಮನೆಯವರೇ ಹೇಳಬೇಕು.

ಕಾಠಗೋದಾಮ್ ಎಂದರೆ ಮರದ ಗೋದಾಮು. ಬಯಲು ಮುಗಿದು ಬೆಟ್ಟ ಏಳುವ ಜಾಗವದು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಅಲ್ಲಿಗೆ ಬಂದ ರೈಲು ಇಂದಿಗೂ ಅಲ್ಲಿಯೇ ನಿಲ್ಲುತ್ತದೆ. 1914ರ ಬೇಸಿಗೆಯಲ್ಲಿ ರವೀಂದ್ರನಾಥ ಠಾಕೂರರು ರಾಮಗಢದಲ್ಲಿ ತಂಗಿದ್ದರು; ಮುಂದೆ ಮಹಾದೇವಿ ವರ್ಮಾ ಅಲ್ಲಿಯೇ ಮನೆ ಮಾಡಿಕೊಂಡರು. ಅವರ ಕಾಲದಲ್ಲಿಯೂ ಹಳಿಯ ಕೊನೆ ಇದೇ ಆಗಿತ್ತು. ಬೆಟ್ಟದ ಮನೆಗೆ ನೆಂಟರು ಬರುವುದು ನಮ್ಮ ಕಾರುಗಳಿಂದ ಆರಂಭವಾದದ್ದಲ್ಲ.

ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನೆಂಟರಿಗೆ ಬರೆಯುವ ಕಾಗದದಲ್ಲಿ ಬಸ್ಸಿನ ಹೊತ್ತು, ಇಳಿಯುವ ಕೈಮರ, ಅಲ್ಲಿಂದ ನಡೆಯಬೇಕಾದ ದೂರ ಇವೆಲ್ಲವೂ ಇರುತ್ತಿದ್ದವು. ಕೈಮರದ ಬಳಿ ಮನೆಯವರೊಬ್ಬರು ಛತ್ರಿ ಹಿಡಿದು ನಿಂತಿರುತ್ತಿದ್ದರು. ಕೊಪ್ಪದಲ್ಲಿ ಕೆಲಸ ಕಳೆದುಕೊಂಡ ಸಾರಿಗೆ ನೌಕರರೇ ಒಟ್ಟುಗೂಡಿ 1991ರಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಸುಮಾರು ಮೂರು ದಶಕಗಳ ಕಾಲ ಅದು ಹಳ್ಳಿಹಳ್ಳಿಗೂ ಓಡಿತು, 2020ರಲ್ಲಿ ನಿಂತುಹೋಯಿತು. ಅದು ನಿಲ್ಲಲು ಕಾರಣಗಳು ಹಲವು. ಆದರೆ ಒಂದನ್ನಂತೂ ಎಲ್ಲ ಬೆಟ್ಟದೂರುಗಳಿಗೂ ಅನ್ವಯಿಸಿ ಹೇಳಬಹುದು: ಅನುಕೂಲಸ್ಥರು ಇಳಿದುಹೋದ ಬಸ್ಸು ಬಹುಕಾಲ ಓಡುವುದಿಲ್ಲ. ಬಸ್ಸು ನಿಂತಾಗ ನಷ್ಟವಾಗುವುದು ವಾರಾಂತ್ಯದ ಅತಿಥಿಗಲ್ಲ. ಶಾಲೆಗೆ ಹೋಗುವ ಹುಡುಗಿಗೆ, ಔಷಧಕ್ಕೆ ಪೇಟೆಗೆ ಇಳಿಯುವ ಮುದುಕರಿಗೆ.

ಕಾರನ್ನು ಪಾಪವೆಂದು ನಾನು ಹೇಳುತ್ತಿಲ್ಲ. ಮಂಡಿನೋವಿನವರು, ಎಳೆಯ ಮಕ್ಕಳ ತಾಯಂದಿರು, ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮೂರು ವಾಹನ ಬದಲಿಸಿ ಬರಬೇಕೆಂದು ಹಟ ಹಿಡಿಯುವುದು ಆತಿಥ್ಯವಲ್ಲ. ಅವರಿಗೂ ನಡುದಾರಿಯೊಂದಿದೆ: ಕಾಠಗೋದಾಮ್‌ವರೆಗೆ ರೈಲು, ಮುಂದೆ ಬಾಡಿಗೆಯ ಕಾರು. ಬೆಟ್ಟದ ರಸ್ತೆಯನ್ನು ಬಲ್ಲ ಚಾಲಕನ ಕೈಯಲ್ಲಿ ಚಕ್ರವಿರುತ್ತದೆ, ಊರಿನವನಿಗೊಂದಿಷ್ಟು ಸಂಪಾದನೆಯೂ ಆಗುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟು ಬಯಲಿನ ಹೆದ್ದಾರಿ ದಾಟಿ ಬಂದ ದೆಹಲಿಯ ನೌಕರ ಮೊದಲ ತಿರುವನ್ನು ಏರುವುದಕ್ಕಿಂತ ಇದು ಕ್ಷೇಮ.

ದಟ್ಟಣೆಯ ಮಾತನ್ನೂ ಆಡಬೇಕು. ಬೇಸಿಗೆಯ ಶನಿವಾರಗಳಲ್ಲಿ ಭವಾಲಿಯ ಆಸುಪಾಸಿನಲ್ಲಿ, ಕೈಂಚಿ ಧಾಮದ ದಾರಿಯಲ್ಲಿ ವಾಹನಗಳ ಸಾಲು ಆಮೆಯಂತೆ ತೆವಳುತ್ತದೆ. ನಮಗೆ ಅದು ಎರಡು ಗಂಟೆಯ ಬೇಸರ. ಅದೇ ಸಾಲಿನಲ್ಲಿ ಹಲ್ದ್ವಾನಿಯ ಆಸ್ಪತ್ರೆಗೆ ಹೊರಟ ಸ್ಥಳೀಯರಿದ್ದರೆ? ಕಳೆದ ಬೇಸಿಗೆಯಲ್ಲಿ ನಾವು ಹೋದದ್ದು ಐದು ಕಾರುಗಳಲ್ಲಿ. ಎರಡರಲ್ಲಿ ಇಬ್ಬಿಬ್ಬರೇ ಇದ್ದರು. ಆ ಸಾಲಿಗೆ ಐದು ಕಾರುಗಳನ್ನು ಸೇರಿಸಿದ್ದು ನನ್ನ ಪತ್ರ.

ಕೊನೆಯದಾಗಿ, ದಾರಿ ತಿಳಿಸುವವರು ಬರಬೇಡಿ ಎಂದು ಹೇಳುವ ಧೈರ್ಯವನ್ನೂ ಇಟ್ಟುಕೊಳ್ಳಬೇಕು. 2021ರ ಅಕ್ಟೋಬರಿನಲ್ಲಿ ಮುಕ್ತೇಶ್ವರದಲ್ಲಿ ಒಂದೇ ದಿನದಲ್ಲಿ 340.8 ಮಿಲಿಮೀಟರ್ ಮಳೆ ಸುರಿಯಿತು. ಗುಡ್ಡಗಳು ಕುಸಿದವು, ಜನ ಸತ್ತರು, ನೈನಿತಾಲ್‌ನ ಸಂಪರ್ಕವೇ ಕಡಿದುಹೋಗಿತ್ತು. ಮಳೆಗಾಲ ಮುಗಿಯಿತೆಂದು ನಂಬಿ ಜನ ಪ್ರವಾಸ ಹೊರಡುವ ತಿಂಗಳದು. ಮನೆಯವರು ಸಂಕೋಚಪಟ್ಟು ಸುಮ್ಮನಿದ್ದರೆ, ಅತಿಥಿಗಳು ಮಾತು ಕೊಟ್ಟೆವೆಂದು ಹೊರಟರೆ, ಇಬ್ಬರ ಸೌಜನ್ಯವೂ ಸೇರಿ ಅನಾಹುತವಾದೀತು.

ಈ ಬಾರಿ ಮತ್ತೆ ಕರೆ ಬಂದಿದೆ. ಪತ್ರ ಬರೆಯುವ ಸರದಿ ಮತ್ತೆ ನನ್ನದೇ. ಮೊದಲ ಸಾಲಿನಲ್ಲಿ ರೈಲು, ಎರಡನೆಯದರಲ್ಲಿ ಬಸ್ಸು, ಮೂರನೆಯದರಲ್ಲಿ ಭವಾಲಿಯ ಟ್ಯಾಕ್ಸಿ ನಿಲ್ದಾಣ, ಕಾರಿನ ವಿಷಯ ಕಡೆಗೆ, ಅದೂ ನಾಲ್ವರು ತುಂಬಿದರೆ ಮಾತ್ರ ಎಂಬ ಬಿನ್ನಹದೊಂದಿಗೆ. ಭವಾಲಿಯಲ್ಲಿ ನಾನೇ ಕಾದಿರುತ್ತೇನೆ ಎಂದೂ ಸೇರಿಸಿದ್ದೇನೆ. ಅಧ್ಯಾಪಕಿಯವರು ರಾತ್ರಿಯ ರೈಲಿಗೆ ತಮ್ಮ ಟಿಕೆಟನ್ನು ತಾವೇ ಕಾದಿರಿಸಿಕೊಂಡಿದ್ದಾರೆ. ಕೆಳಗಿನ ಬರ್ತ್ ಸಿಕ್ಕಿತೆಂದು ನಿನ್ನೆ ಫೋನು ಮಾಡಿ ತಿಳಿಸಿದರು.